ಅದೇ ಸ್ಟುಡಿಯೊ, ಅದೇ ಕೈಗಳು, ಯಾರೂ ಕೇಳದ ಹಾಡು

ಮೊದಲು ಒಂದು ಹಾಡು ಕೇಳಿ. ಹೆಸರು 'ಕೇರ್ ಆಫ್ ಸೆಲ್ 44'. ಪಿಯಾನೊ ಕುಣಿಯುತ್ತ ಶುರುವಾಗುತ್ತದೆ. ಹುಡುಗನೊಬ್ಬ ತನ್ನ ಹುಡುಗಿಗೆ ಕಾಗದ ಬರೆಯುತ್ತಿದ್ದಾನೆ: ನೀನು ಬೇಗ ಬಂದುಬಿಡುತ್ತೀಯ, ನಿನ್ನ ಕೋಣೆ ಸಿದ್ಧ ಮಾಡಿಡುತ್ತೇನೆ ಎನ್ನುವ ಸಡಗರ. ಕೇಳುತ್ತ ಕೇಳುತ್ತ ಗೊತ್ತಾಗುತ್ತದೆ, ಆಕೆ ಇರುವುದು ಜೈಲಿನಲ್ಲಿ! ಪಾಪ್ ಸಂಗೀತದಲ್ಲಿ ಇಂಥ ಪ್ರೇಮಪತ್ರವನ್ನು ಯಾರು ಬರೆದಾರು? ಅಷ್ಟರಲ್ಲಿ ಪಿಯಾನೊ, ಡ್ರಮ್ ಎಲ್ಲ ಸುಮ್ಮನಾಗಿ ಬರೀ ಕೊರಳುಗಳು ಒಂದರ ಮೇಲೊಂದು ಏರತೊಡಗುತ್ತವೆ. ನನಗೆ ಮೈ ಜುಮ್ಮೆನ್ನುವುದು ಅಲ್ಲಿ, ಪ್ರತಿ ಸಲವೂ ಅಲ್ಲೇ. 1967ರ ಕೊನೆಗೆ ಈ ಹಾಡು ಇಂಗ್ಲೆಂಡಿನಲ್ಲಿ ಬಿಡುಗಡೆಯಾದಾಗ ಕೊಳ್ಳುವವರೇ ಇರಲಿಲ್ಲ.

ಹಾಡಿದವರು 'ದಿ ಜೋಂಬೀಸ್'. ಲಂಡನ್ನಿಗೆ ಹತ್ತಿರದ ಸೇಂಟ್ ಆಲ್ಬನ್ಸ್ ಎಂಬ ಊರಿನ ಐದು ಜನ ಹುಡುಗರು. 1964ರಲ್ಲಿ 'ಶೀ ಈಸ್ ನಾಟ್ ದೇರ್' ಎಂಬ ಹಾಡಿನಿಂದ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಹೆಸರು ಮಾಡಿದ್ದರು. ಆಮೇಲೆ ಅದೃಷ್ಟ ಕೈಕೊಟ್ಟಿತು. ಮೂರು ವರ್ಷ ಕಳೆಯುವುದರೊಳಗೆ ತಂಡ ಒಡೆಯುವ ಹಂತ ತಲುಪಿತ್ತು. ಒಡೆಯುವ ಮೊದಲು ನಮ್ಮದೇ ಮನಸ್ಸಿನಂತೆ ಒಂದು ಆಲ್ಬಂ ಮಾಡಿಬಿಡೋಣ ಎಂದು ಸಿಬಿಎಸ್ ಕಂಪನಿಯಿಂದ ಒಂದು ಸಾವಿರ ಪೌಂಡ್ ತೆಗೆದುಕೊಂಡು 1967ರ ಜೂನ್‌ನಲ್ಲಿ ಆಬಿ ರೋಡಿನ ಸ್ಟುಡಿಯೊಗೆ ಹೋದರು. ಬೀಟಲ್ಸ್ ತಮ್ಮ 'ಸಾರ್ಜೆಂಟ್ ಪೆಪ್ಪರ್' ಮುಗಿಸಿ ಆಗಷ್ಟೇ ಎದ್ದುಹೋಗಿದ್ದ ಜಾಗ ಅದು. ಬೀಟಲ್ಸ್ ಹಾಡುಗಳನ್ನು ಮುದ್ರಿಸಿದ್ದ ಎಂಜಿನಿಯರ್ ಜೆಫ್ ಎಮೆರಿಕ್ ಇವರ ಹಾಡುಗಳಿಗೂ ಕೂತ. ಜಾನ್ ಲೆನನ್ ಬಿಟ್ಟುಹೋಗಿದ್ದ ಮೆಲೊಟ್ರಾನ್ ವಾದ್ಯ ಅಲ್ಲೇ ಬಿದ್ದಿತ್ತು. ಒಂದೊಂದು ಕೀಲಿ ಒತ್ತಿದಾಗಲೂ ಒಳಗಿನ ಟೇಪಿನ ತುಣುಕೊಂದು ಓಡಿ ಪಿಟೀಲೋ ಕೊಳಲೋ ನುಡಿಯುವ ಯಂತ್ರ. ತಂಡದ ಕೀಬೋರ್ಡ್ ವಾದಕ ರಾಡ್ ಆರ್ಜೆಂಟ್ ಅದರ ಮುಂದೆ ಕೂತು ನುಡಿಸಿಯೇಬಿಟ್ಟ! ವಾದ್ಯವೃಂದಕ್ಕೆ ಕೊಡಲು ದುಡ್ಡಿಲ್ಲದ ಆಲ್ಬಂಗೆ ವಾದ್ಯವೃಂದ ಸಿಕ್ಕಿದ್ದು ಹೀಗೆ.

ದುಡ್ಡು ಮುಗಿಯಿತು. ಕಂಪನಿ ಸ್ಟೀರಿಯೊ ರೂಪವೂ ಬೇಕೆಂದಿತು. ಆರ್ಜೆಂಟ್ ಮತ್ತು ತಂಡದವನೇ ಆದ ಕ್ರಿಸ್ ವೈಟ್ ಹಾಡು ಬರೆದು ಗಳಿಸಿದ್ದ ತಮ್ಮ ಕಾಸಿನಿಂದಲೇ ಅದನ್ನು ಮಾಡಿಸಿದರು. 1967ರ ಡಿಸೆಂಬರ್ ಹೊತ್ತಿಗೆ ತಂಡವೇ ಇರಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ 'ಒಡೆಸಿ ಆ್ಯಂಡ್ ಓರಕಲ್' ಆಲ್ಬಂ ಬಿಡುಗಡೆಯಾಯಿತು. ಮುಖಪುಟ ಬರೆದ ಗೆಳೆಯ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ತಪ್ಪಾಗಿ ಬರೆದಿದ್ದ, ಹಾಗೇ ಅಚ್ಚಾಯಿತು. ಅಷ್ಟು ಹೊತ್ತಿಗೆ ಆ ಮಾಯಾ ಕಂಠದ ಹಾಡುಗಾರ ಕಾಲಿನ್ ಬ್ಲನ್‌ಸ್ಟನ್ ವಿಮಾ ಕಂಪನಿಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದ.

ಆಗ ಅಮೆರಿಕದ ಕೊಲಂಬಿಯಾ ಕಂಪನಿಗೆ ಹೊಸದಾಗಿ ಸೇರಿದ್ದ ಅಲ್ ಕೂಪರ್ ಎಂಬ ಸಂಗೀತಗಾರ ಲಂಡನ್ನಿಗೆ ಹೋದವನು ಒಂದು ಹೊರೆ ರೆಕಾರ್ಡ್ ಕೊಂಡು ತಂದ. ಆ ಹೊರೆಯಲ್ಲಿ ಈ ಆಲ್ಬಂ ಇತ್ತು. ಕೇಳಿದವನೇ ಇದನ್ನು ಬಿಡುಗಡೆ ಮಾಡಲೇಬೇಕೆಂದು ಮೇಲಿನವರ ಬೆನ್ನುಬಿದ್ದ. ಅದರ ಕೊನೆಯ ಹಾಡು 'ಟೈಮ್ ಆಫ್ ದ ಸೀಸನ್' 1969ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಏರಿತು. ಹಾಡು ಗೆದ್ದಿತ್ತು, ಹಾಡಿದ ತಂಡ ಇರಲಿಲ್ಲ. ಆ ಹೆಸರು ಇಟ್ಟುಕೊಂಡು ನಕಲಿ ತಂಡಗಳು ಅಮೆರಿಕದ ಊರೂರು ಸುತ್ತಿ ಹಾಡಿದವು! ನಿಜವಾದ ಜೋಂಬೀಸ್ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ನ ಗೌರವ ಪಡೆದದ್ದು 2019ರಲ್ಲಿ.

ಈ ಕಥೆ ತಿಳಿದ ದಿನದಿಂದ ನನ್ನ ತಲೆಯಲ್ಲಿ ಒಂದೇ ವಿಚಾರ ಗಿರಕಿ ಹೊಡೆಯುತ್ತಿದೆ. ಅದೇ ಸ್ಟುಡಿಯೊ. ಅದೇ ಎಂಜಿನಿಯರ್. ಅದೇ ವಾದ್ಯ. ತಿಂಗಳುಗಳ ಅಂತರ, ಅಷ್ಟೇ. ಒಂದು ಆಲ್ಬಂ ಜಗತ್ತನ್ನೇ ಗೆದ್ದಿತು, ಇನ್ನೊಂದನ್ನು ಯಾರೋ ಒಬ್ಬ ಹೊರೆಯಿಂದ ಎತ್ತಿ ತೆಗೆಯಬೇಕಾಯಿತು. ಹಾಗಾದರೆ ಯಾರ ಕೈಗೂ ಸಿಗದೆ ಹೊರೆಯಲ್ಲೇ ಉಳಿದವು ಎಷ್ಟಿರಬಹುದು?

ಇವೆ. ನಂಬಲಾಗದಷ್ಟು ಇವೆ! 1960ರ ದಶಕದ ಕೊನೆಯಲ್ಲಿ ಲಂಡನ್, ನ್ಯೂಯಾರ್ಕ್, ಲಾಸ್ ಏಂಜಲೀಸ್‌ಗಳ ಕಂಪನಿಗಳು ಬೀಟಲ್ಸ್ ತರಹದ ಇನ್ನೊಂದು ಅದ್ಭುತ ತಮಗೂ ಸಿಗಲಿ ಎಂದು ಗಿಟಾರ್ ಹಿಡಿದವರಿಗೆಲ್ಲ ಬಾಗಿಲು ತೆರೆದಿದ್ದವು. ಆಲ್ಬಂ ಮುದ್ರಿಸುವುದು, ಬಿಡುಗಡೆ ಮಾಡುವುದು, ಎರಡು ವಾರ ನೋಡುವುದು, ಓಡದಿದ್ದರೆ ಮುಂದಿನದಕ್ಕೆ ಹೋಗುವುದು. ಓಡದ ಆಲ್ಬಂಗಳ ಕವರಿನ ಮೂಲೆಯನ್ನು ಅಮೆರಿಕದಲ್ಲಿ ಕಚಕ್ಕನೆ ಕತ್ತರಿಸಿಯೋ ತೂತು ಕೊರೆದೋ ಚಿಲ್ಲರೆ ಬೆಲೆಗೆ ಸಾಗಹಾಕುತ್ತಿದ್ದರು. 'ಕಟ್ ಔಟ್' ಎಂದು ಕರೆಯುತ್ತಿದ್ದರು. ಕತ್ತರಿಸಿದ ಆ ಮೂಲೆ ಕಂಡರೆ ಇವತ್ತು ನನ್ನಂಥವರ ಎದೆ ಹೊಡೆದುಕೊಳ್ಳುತ್ತದೆ. ಅಂಗಡಿಯಲ್ಲಿ ಸೋತದ್ದಕ್ಕೆ ಅದೇ ಗುರುತು. ಆದರೆ ಹಾಗೆ ಅಗ್ಗವಾಗಿ ಹಂಚಿಹೋದದ್ದರಿಂದಲೇ ಎಷ್ಟೋ ಆಲ್ಬಂಗಳು ಅಲ್ಲಲ್ಲಿ ಮನೆಗಳಲ್ಲಿ ಜೀವ ಉಳಿಸಿಕೊಂಡಿವೆ.

ನಾನು ಇವುಗಳಲ್ಲಿ ತಲೆಗೇ ಹಚ್ಚಿಕೊಂಡದ್ದು ಮಾರ್ಗೊ ಗುರಿಯನ್ ಅವರನ್ನು. 1937ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಕಲಿತದ್ದು ಶಾಸ್ತ್ರೀಯ ಪಿಯಾನೊ, ಮನಸ್ಸು ಕೊಟ್ಟದ್ದು ಜಾಸ್‌ಗೆ. 1959ರಲ್ಲಿ ಲೆನಾಕ್ಸ್ ಜಾಸ್ ಶಾಲೆಯಲ್ಲಿ ಆರ್ನೆಟ್ ಕೋಲ್ಮನ್, ಡಾನ್ ಚೆರ್ರಿ ಅವರಿದ್ದ ಗುಂಪಿನಲ್ಲೇ ಇದ್ದವರು. ಪಾಪ್ ಸಂಗೀತವೆಂದರೆ ಅವರಿಗೆ ಅಷ್ಟಕ್ಕಷ್ಟೇ. 1966ರಲ್ಲಿ ಜಾಸ್ ಪಿಯಾನೊ ವಾದಕ ಡೇವ್ ಫ್ರಿಶ್‌ಬರ್ಗ್ ಒಂದು ದಿನ ಮಾರ್ಗೊಗೆ ಬೀಚ್ ಬಾಯ್ಸ್ ತಂಡದ 'ಗಾಡ್ ಓನ್ಲಿ ನೋಸ್' ಕೇಳಿಸಿದರು. ಮಾರ್ಗೊ ಬೆರಗಾದರು. ರೆಕಾರ್ಡ್ ತಂದರು, ಮತ್ತೆ ಮತ್ತೆ ಹಾಕಿ ಕೇಳಿದರು, ಪಿಯಾನೊ ಮುಂದೆ ಕೂತರು, 'ಥಿಂಕ್ ಆಫ್ ರೇನ್' ಎಂಬ ಹಾಡು ಹುಟ್ಟಿತು. ಬೀಚ್ ಬಾಯ್ಸ್‌ನ ಆ ಒಂದು ಹಾಡು ಕೇಳಿದ ಮೇಲೆ ಅವರು ಬೇರೆಯೇ ಮನುಷ್ಯರಾದರು!

ಅವರು ಬರೆದ 'ಸಂಡೆ ಮಾರ್ನಿಂಗ್' ಹಾಡನ್ನು ಸ್ಪ್ಯಾಂಕಿ ಆ್ಯಂಡ್ ಅವರ್ ಗ್ಯಾಂಗ್ ತಂಡ ಹಾಡಿ ಅಮೆರಿಕದಲ್ಲಿ ಜನಪ್ರಿಯ ಮಾಡಿತು. ಆಮೇಲೆ ಬೆಲ್ ರೆಕಾರ್ಡ್ಸ್ ಕಂಪನಿ ಅವರದೇ ದನಿಯಲ್ಲಿ ಆಲ್ಬಂ ತಂದಿತು. 1968, 'ಟೇಕ್ ಎ ಪಿಕ್ಚರ್'. ಅದನ್ನು ಕೇಳಿದ ಅನುಭವವನ್ನು ಹೇಗೆ ಹೇಳಲಿ! ಮಾರ್ಗೊ ಅವರದು ದೊಡ್ಡ ಗಂಟಲಲ್ಲ. ಪಕ್ಕದಲ್ಲಿ ಕೂತು ಗುಟ್ಟು ಹೇಳುವ ಹಾಗಿನ ಉಸಿರುದನಿ. ಒಂದೇ ಹಾಡನ್ನು ಅವರೇ ಎರಡು ಸಲ ಹಾಡಿ, ಒಂದರ ಮೇಲೊಂದು ಇಟ್ಟಿದ್ದಾರೆ. ಎರಡು ದನಿಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ. ಆ ಎಳೆಯಲ್ಲೇ ಎಲ್ಲ ಮಿನುಗೂ ಇದೆ. ಹಿಂದೆ ಡ್ರಮ್ ಗಟ್ಟಿಯಾಗಿ, ಚುರುಕಾಗಿ ಓಡುತ್ತದೆ. ಕೊರಳು ಅಷ್ಟು ಮೆದು, ತಾಳ ಅಷ್ಟು ಖಡಕ್. 'ಸಮ್‌ವನ್ ಐ ನೋ' ಹಾಡಿಗೆ ಬಂದರೆ ಅವರ ಸ್ವರದ ಅಡಿಯಲ್ಲಿ ಇನ್ನೊಂದು ಸ್ವರ ತೇಲಿಬರುತ್ತದೆ, ಎಲ್ಲೋ ಕೇಳಿದ್ದೇನಲ್ಲ ಅನಿಸುತ್ತದೆ. ಬಾಖ್! ಇನ್ನೂರು ವರ್ಷಕ್ಕೂ ಹಳೆಯ, ಇಗರ್ಜಿಗೆಂದು ರಚಿಸಿದ 'ಜೀಸು, ಜಾಯ್ ಆಫ್ ಮ್ಯಾನ್ಸ್ ಡಿಸೈರಿಂಗ್' ರಚನೆ. 1968ರ ಪ್ರೇಮಗೀತೆಯ ಜೊತೆ ಅದು ಎಷ್ಟು ಹಾಯಾಗಿ ಹೆಜ್ಜೆ ಹಾಕುತ್ತದೆಂದರೆ, ಇವೆರಡೂ ಜೊತೆಗೇ ಹುಟ್ಟಿದವು ಎನ್ನಬೇಕು.

ಇಂಥ ಆಲ್ಬಂ ಏಕೆ ಮುಳುಗಿತು? ಕಾರಣ ಬಹಳ ಸರಳ. ಊರೂರು ತಿರುಗಿ ವೇದಿಕೆಯಲ್ಲಿ ಹಾಡಲು ಮಾರ್ಗೊ ಒಪ್ಪಲಿಲ್ಲ. ಸಂಗೀತಗಾರರ ಬದುಕನ್ನು ಹತ್ತಿರದಿಂದ ಕಂಡಿದ್ದ ಅವರಿಗೆ ಆ ಅಲೆದಾಟ ಬೇಡವಾಗಿತ್ತು. ಕಂಪನಿ ಪ್ರಚಾರ ನಿಲ್ಲಿಸಿತು. ಅವರು ಹಾಡು ಬರೆಯುತ್ತ, ಮಕ್ಕಳಿಗೆ ಪಿಯಾನೊ ಕಲಿಸುತ್ತ ಇದ್ದುಬಿಟ್ಟರು. ಜಪಾನಿನ ರಸಿಕರು ಈ ಆಲ್ಬಂ ಹಿಂದೆ ಬಿದ್ದರು, 2000ರಲ್ಲಿ ಅದು ಮರುಮುದ್ರಣವಾಯಿತು, ಮಾರನೆಯ ವರ್ಷ ಅವರ ಹಳೆಯ ಮಾದರಿ ಮುದ್ರಣಗಳ ಸಂಗ್ರಹವೂ ಬಂತು. 2021ರಲ್ಲಿ ಅವರು ತೀರಿಕೊಂಡರು. ಈಚಿನ ವರ್ಷಗಳಲ್ಲಿ ಅವರ 'ವೈ ಡು ಐ ಕ್ರೈ' ಎಂಬ ಹಾಡಿನ ಮಾದರಿ ಮುದ್ರಣ ಟಿಕ್‌ಟಾಕ್‌ನಲ್ಲಿ ಹೊತ್ತಿಕೊಂಡು, ಮೊಮ್ಮಕ್ಕಳ ವಯಸ್ಸಿನವರು ಅದಕ್ಕೆ ತಮ್ಮ ವಿಡಿಯೊ ಜೋಡಿಸತೊಡಗಿದರು. ಅರ್ಧ ಶತಮಾನ ದಾಟಿದ ಹಾಡು ಹದಿನೆಂಟರ ಹುಡುಗಿಗೆ ತನ್ನದೇ ಅನಿಸುತ್ತದಲ್ಲ, ನನಗೆ ಅದಕ್ಕಿಂತ ದೊಡ್ಡ ಬೆರಗಿಲ್ಲ.

ಬಿಲ್ಲಿ ನಿಕೊಲ್ಸ್ ಅವರದು ಇದಕ್ಕಿಂತ ಕ್ರೂರ ಕಥೆ. ರೋಲಿಂಗ್ ಸ್ಟೋನ್ಸ್ ತಂಡವನ್ನು ಬೆಳೆಸಿದ ಆ್ಯಂಡ್ರೂ ಲೂಗ್ ಓಲ್ಡಮ್ ತನ್ನ ಇಮ್ಮಿಡಿಯೆಟ್ ಕಂಪನಿಯಿಂದ ಬೀಚ್ ಬಾಯ್ಸ್‌ಗೆ ಇಂಗ್ಲೆಂಡಿನ ಉತ್ತರ ಕೊಡುತ್ತೇನೆಂದು ಹೊರಟು ಈ ಎಳೆಯ ಹುಡುಗನನ್ನು ಹಾಡಿಸಿದ. ಜೊತೆಗೆ ನುಡಿಸಿದವರು ಆಗ ಉತ್ತುಂಗದಲ್ಲಿದ್ದ ಸ್ಮಾಲ್ ಫೇಸಸ್ ತಂಡದವರು. 1968ರಲ್ಲಿ 'ವುಡ್ ಯು ಬಿಲೀವ್' ಆಲ್ಬಂ ಸಿದ್ಧವಾಯಿತು. ಅಚ್ಚಾದದ್ದು ಸುಮಾರು ನೂರು ಪ್ರತಿ! ಕಂಪನಿಯ ಖಜಾನೆ ಬರಿದಾಗುತ್ತಿತ್ತು, ಅಂಗಡಿಗೆ ಹೋಗುವ ಭಾಗ್ಯ ಆಲ್ಬಂಗೆ ಬರಲೇ ಇಲ್ಲ. ಮೂವತ್ತು ವರ್ಷದ ಮೇಲೆ ಅದು ಮರುಮುದ್ರಣವಾಯಿತು. ಮೂಲ ಪ್ರತಿಗೆ ಈಗ ಸಾವಿರಗಟ್ಟಲೆ ಪೌಂಡ್ ಬೆಲೆ. ಮುಂದೆ ಇದೇ ನಿಕೊಲ್ಸ್ ಬರೆದ 'ಐ ಕಾಂಟ್ ಸ್ಟಾಪ್ ಲವಿಂಗ್ ಯು' ಹಾಡನ್ನು ಲಿಯೊ ಸೇಯರ್ ಹಾಡಿ ಗೆದ್ದರು, 2002ರಲ್ಲಿ ಫಿಲ್ ಕಾಲಿನ್ಸ್ ಮತ್ತೆ ಹಾಡಿದರು. ನೀವು ಅದನ್ನು ಎಲ್ಲೋ ಹೋಟೆಲಿನಲ್ಲಿ, ವಿಮಾನ ನಿಲ್ದಾಣದಲ್ಲಿ ಖಂಡಿತ ಕೇಳಿರುತ್ತೀರಿ. ಬರೆದವರು ಯಾರೆಂದು ಎಷ್ಟು ಜನರಿಗೆ ಗೊತ್ತು?

ಲಾಸ್ ಏಂಜಲೀಸ್‌ನ ಕರ್ಟ್ ಬೆಚರ್ ಬಗ್ಗೆಯೂ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1966ರಲ್ಲಿ ಅಸೋಸಿಯೇಷನ್ ತಂಡಕ್ಕೆ 'ಚೆರಿಷ್' ಎಂಬ ಹಾಡು ನಿರ್ಮಿಸಿ ಅಮೆರಿಕದ ಮೊದಲ ಸ್ಥಾನಕ್ಕೆ ಏರಿಸಿದ ಕೈ ಅದು. ಎರಡು ವರ್ಷದ ನಂತರ ಅದೇ ಕೈ ತನ್ನದೇ 'ದಿ ಮಿಲೆನಿಯಂ' ತಂಡ ಕಟ್ಟಿ 'ಬಿಗಿನ್' ಎಂಬ ಆಲ್ಬಂ ಮಾಡಿತು. ಎಂಟು ಟ್ರ್ಯಾಕಿನ ಎರಡು ಯಂತ್ರಗಳನ್ನು ಜೋಡಿಸಿ ಹದಿನಾರು ಟ್ರ್ಯಾಕ್ ಮಾಡಿಕೊಂಡು, ಕೊರಳ ಮೇಲೆ ಕೊರಳು ಪೇರಿಸಿದರು. ಕೊಲಂಬಿಯಾ ಧಾರಾಳವಾಗಿ ಹಣ ಸುರಿಯಿತು, ಆಲ್ಬಂ ನೆಲಕಚ್ಚಿತು. ಹೆಡ್‌ಫೋನ್ ಹಾಕಿಕೊಂಡು ಕೇಳಿ. ದನಿಗಳು ಎಡಬಲಗಳಿಂದ ಬಂದು ತಲೆಯ ನಡುವೆ ಸೇರುವಾಗ ಈ ಆಲ್ಬಂ ಸೋತಿದ್ದಾದರೂ ಹೇಗೆ ಎಂದು ನೀವೂ ಕೇಳುತ್ತೀರಿ.

ರೆಕಾರ್ಡ್ ಕೈಗೆ ಬಂದಾಗ ಮೊದಲು ಏನು ನೋಡುತ್ತೇವೆ ಗೊತ್ತೆ? ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಉಳಿಯುವ ನುಣುಪಾದ ಕಪ್ಪು ಜಾಗ. ಅದನ್ನು 'ಡೆಡ್ ವ್ಯಾಕ್ಸ್' ಎನ್ನುತ್ತಾರೆ. ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಓರೆಯಾಗಿಸಿದರೆ ಅಲ್ಲಿ ಅಕ್ಷರ, ಅಂಕಿಗಳು ಮಿಂಚುತ್ತವೆ. ಮೊದಲ ಅಚ್ಚೋ ಆಮೇಲಿನದೋ, ಯಾವ ಕಾರ್ಖಾನೆಯದು ಎಂಬ ಸುಳಿವೆಲ್ಲ ಅಲ್ಲಿದೆ. ಕೆಲವು ಕಡೆ ಯಂತ್ರ ಒತ್ತಿದ ಅಂಕಿ, ಕೆಲವು ಕಡೆ ಮನುಷ್ಯ ಕೈಯಾರೆ ಗೀಚಿದ್ದು. ಲಂಡನ್ನಿನ ಜಾರ್ಜ್ ಪೆಕಮ್ ಎಂಬ ಕುಶಲಕರ್ಮಿ ತಾನು ಕೊರೆದ ತಟ್ಟೆಗಳ ಮೇಲೆ 'ಎ ಪೋರ್ಕಿ ಪ್ರೈಮ್ ಕಟ್' ಎಂದು ರುಜು ಹಾಕುತ್ತಿದ್ದ. ಹಾಡುಗಾರನ ಹೆಸರು ಲೋಕಕ್ಕೆ ಮರೆತಿರಬಹುದು, ಆದರೆ ಆ ತಟ್ಟೆಯನ್ನು ಕೊರೆದವನ ಕೈಬರಹ ನಿಮ್ಮ ಬೆರಳಿನ ಪಕ್ಕದಲ್ಲೇ ಇರುತ್ತದೆ! ಕವರಿನ ಹಿಂಬದಿಯನ್ನೂ ಬಿಡದೆ ಓದಬೇಕು. ವಾದಕರು, ಎಂಜಿನಿಯರ್, ಸ್ಟುಡಿಯೊ ಎಲ್ಲ ಅಲ್ಲಿ ಸಣ್ಣಕ್ಷರಗಳಲ್ಲಿ ಇರುತ್ತಾರೆ. ಒಂದು ಹೆಸರು ಹಿಡಿದು ಇನ್ನೊಂದು ಆಲ್ಬಂಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತಲೇ ಇರಬಹುದು. ಫೋನಿನಲ್ಲಿ ಹಾಡು ಕೇಳುವವರಿಗೆ ಈ ದಾರಿ ಸಿಗುವುದಿಲ್ಲ.

ಆ ದಾರಿ ಹಿಡಿದೇ ನಾನು ವಾಶ್ಟಿ ಬನ್ಯನ್ ಅವರನ್ನು ತಲುಪಿದ್ದು. ಗಾಯಕ ನಿಕ್ ಡ್ರೇಕ್ ಹಾಡುಗಳಿಗೆ ತಂತಿವಾದ್ಯ ಸಂಯೋಜಿಸಿದ ರಾಬರ್ಟ್ ಕರ್ಬಿ ಎಂಬ ಹೆಸರಿನ ಜಾಡು ಹಿಡಿದು ಹೊರಟವನಿಗೆ ಈಕೆಯ ಆಲ್ಬಂ ಎದುರಾಯಿತು. 1965ರಲ್ಲಿ ಇಪ್ಪತ್ತರ ಹುಡುಗಿ. ರೋಲಿಂಗ್ ಸ್ಟೋನ್ಸ್‌ನ ಜಾಗರ್ ಮತ್ತು ರಿಚರ್ಡ್ಸ್ ಬರೆದ ಹಾಡನ್ನು ಡೆಕ್ಕಾ ಕಂಪನಿಗೆ ಹಾಡಿದಳು, ಹಿಂದಿದ್ದದ್ದು ಅದೇ ಓಲ್ಡಮ್. ಅದು ಓಡಲಿಲ್ಲ. 1968ರಲ್ಲಿ ಆಕೆ ಲಂಡನ್ ಬಿಟ್ಟೇಬಿಟ್ಟಳು. ಗೆಳೆಯ, ಬೆಸ್ ಎಂಬ ಕುದುರೆ, ಬ್ಲೂ ಎಂಬ ನಾಯಿ, ಒಂದು ಗಾಡಿ. ಗಾಯಕ ಡೊನೊವನ್ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಕಡೆ ಕಲಾವಿದರ ಊರು ಕಟ್ಟುತ್ತಾನಂತೆ ಎಂಬ ಮಾತು ಕೇಳಿ ಉತ್ತರಕ್ಕೆ ಹೊರಟರು. ಕುದುರೆಯ ಹೆಜ್ಜೆಯ ವೇಗದಲ್ಲಿ, ದಾರಿಯಲ್ಲಿ ಸಿಕ್ಕ ಕೂಲಿ ಮಾಡಿಕೊಂಡು, ಒಂದು ವರ್ಷಕ್ಕೂ ಮಿಕ್ಕಿದ ಪಯಣ! ತಲುಪುವಷ್ಟರಲ್ಲಿ ಡೊನೊವನ್ ಅಲ್ಲಿರಲಿಲ್ಲ. ಆದರೆ ದಾರಿಯುದ್ದಕ್ಕೂ ಹಾಡು ಹುಟ್ಟಿದ್ದವು. ಉಳುಮೆ, ದನ, ನಕ್ಷತ್ರ, ಕತ್ತಲಾಗುವ ಹೊತ್ತು.

ಆ ಹಾಡುಗಳನ್ನು 1969ರ ಕೊನೆಯಲ್ಲಿ ನಿರ್ಮಾಪಕ ಜೋ ಬಾಯ್ಡ್ ಲಂಡನ್ನಿನಲ್ಲಿ ಮುದ್ರಿಸಿಕೊಂಡರು. ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್‌ನ ರಾಬಿನ್ ವಿಲಿಯಮ್ಸನ್, ಫೇರ್‌ಪೋರ್ಟ್ ಕನ್ವೆನ್ಷನ್‌ನ ಡೇವ್ ಸ್ವಾರ್ಬ್ರಿಕ್ ಜೊತೆಗೆ ನುಡಿಸಿದರು. ಆ ಕಾಲದ ಇಂಗ್ಲೆಂಡಿನ ಅತಿಶ್ರೇಷ್ಠ ಕೈಗಳು! 1970ರ ಕೊನೆಗೆ ಫಿಲಿಪ್ಸ್ ಕಂಪನಿ 'ಜಸ್ಟ್ ಅನದರ್ ಡೈಮಂಡ್ ಡೇ' ಬಿಡುಗಡೆ ಮಾಡಿದಾಗ ಮಾರಾಟವಾದದ್ದು ಕೆಲವೇ ನೂರು ಪ್ರತಿ. ವಾಶ್ಟಿ ಗಿಟಾರ್ ಕೆಳಗಿಟ್ಟರು. ಮಕ್ಕಳು, ಕುದುರೆ, ಹಳ್ಳಿಮನೆ ಎಂದು ಮೂವತ್ತು ವರ್ಷ ಹಾಡಿನ ಸುದ್ದಿಗೇ ಹೋಗಲಿಲ್ಲ. 1990ರ ದಶಕದ ಕೊನೆಯಲ್ಲಿ ಮನೆಗೆ ಕಂಪ್ಯೂಟರ್ ಬಂತು, ತಮ್ಮ ಹೆಸರು ಟೈಪ್ ಮಾಡಿ ನೋಡಿದರು. ಯಾರಿಗೂ ಬೇಡವಾಯಿತೆಂದು ತಾವು ನಂಬಿಕೊಂಡಿದ್ದ ಆಲ್ಬಂ ಅನ್ನು ಗುರುತು ಪರಿಚಯವಿಲ್ಲದ ಜನ ಹುಡುಕುತ್ತಿದ್ದರು! 2000ರಲ್ಲಿ ಅದು ಮರುಮುದ್ರಣಗೊಂಡಿತು, 2005ರಲ್ಲಿ ಎರಡನೆಯ ಆಲ್ಬಂ 'ಲುಕ್‌ಆಫ್ಟರಿಂಗ್' ಬಂತು. ಎರಡನ್ನೂ ಬೆನ್ನಿಗೇ ಕೇಳಿ. ನಡುವೆ ಮೂವತ್ತೈದು ವರ್ಷ ಕಳೆದಿವೆ. ಆ ಕೊರಳು ಹಾಗೇ ಇದೆ.

ಬೆಂಗಳೂರಿನಲ್ಲಿ ಕೂತು ಇದನ್ನೆಲ್ಲ ಹುಡುಕುವುದು ಸುಲಭವಲ್ಲ, ಆದರೆ ಖುಷಿ ಅಪಾರ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ಹಳೆ ರೇಡಿಯೊ, ಬೀಗ, ಸ್ಪ್ಯಾನರುಗಳ ನಡುವೆ ರೆಕಾರ್ಡ್ ಕಟ್ಟು ಕಂಡರೆ ಅಲ್ಲೇ ಕುಕ್ಕರಗಾಲಲ್ಲಿ ಕೂರುತ್ತೇನೆ. ರಾಜಕುಮಾರ್ ಸಿನಿಮಾದ ಇಪಿ, ಸುಪ್ರಭಾತ, ಹಿಂದಿ ಹಾಡು, ಅವುಗಳ ಮಧ್ಯೆ ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆಯಲ್ಲಿ ಅಚ್ಚಾದ ಬೀಟಲ್ಸ್. 'ಅದು ಇಂಗ್ಲಿಷ್ ಸಾರ್, ಯಾರೂ ತಗೊಳಲ್ಲ' ಅನ್ನುತ್ತಾನೆ ಮಾರುವವನು. 'ಪರವಾಗಿಲ್ಲ ಕೊಡಣ್ಣ' ಅನ್ನುತ್ತೇನೆ. ಕಂಟೋನ್ಮೆಂಟಿನ ಯಾವುದೋ ಮನೆಯಲ್ಲಿ ಯಾರೋ ಹುಡುಗಿ ಕವರಿನ ಮೇಲೆ ನೀಲಿ ಶಾಯಿಯಲ್ಲಿ ಬರೆದ ತನ್ನ ಹೆಸರು ಇನ್ನೂ ಹಾಗೇ ಇರುತ್ತದೆ.

ನಮ್ಮಲ್ಲೂ ಆಗ ಗಿಟಾರ್ ತಂಡಗಳಿದ್ದವು! ರೇಡಿಯೊ ಸಿಲೋನ್ ಕೇಳಿ ಹಾಡು ಕಲಿತ ಹುಡುಗರು. ಸಿಮ್ಲಾ ಎಂಬ ಸಿಗರೇಟಿನ ಪ್ರಚಾರಕ್ಕೆ ಇಂಪೀರಿಯಲ್ ಟೊಬ್ಯಾಕೊ ಕಂಪನಿ ನಡೆಸುತ್ತಿದ್ದ 'ಸಿಮ್ಲಾ ಬೀಟ್' ಸ್ಪರ್ಧೆಗೆ ದೇಶದ ಮೂಲೆಮೂಲೆಯಿಂದ ತಂಡಗಳು ಬರುತ್ತಿದ್ದವು. 1970 ಮತ್ತು 1971ರಲ್ಲಿ ಅವುಗಳ ಹಾಡುಗಳು ಎರಡು ಎಲ್‌ಪಿಗಳಾಗಿ ಉಳಿದವು. ಶಿಲ್ಲಾಂಗಿನ ಫೆಂಟೋನ್ಸ್ ಮುಂತಾದ ತಂಡಗಳ ಕೆಲವೇ ನಿಮಿಷದ ಕುರುಹು ಅದು. ಪರದೇಶದ ಸಂಗ್ರಾಹಕರು ಅದನ್ನು ಹುಡುಕಿ ಮರುಮುದ್ರಿಸಿದರು. ಆ ಗಿಟಾರುಗಳ ಗರಗರ ಸದ್ದು, ಆ ಹುಡುಗರ ಧೈರ್ಯ, ಕೇಳಿದರೆ ರೋಮಾಂಚನ!

ಮತ್ತೆ ಬಿದ್ದು. ಹೌದು, 'ಆಪ್ ಜೈಸಾ ಕೋಯಿ', 'ಮೇಡ್ ಇನ್ ಇಂಡಿಯಾ' ಹಾಡುಗಳ ಬಿದ್ದು. 1945ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರ ಹುಡುಗ ಬಿದ್ದು ಅಪ್ಪಯ್ಯ. ಇದೇ ಊರಿನಲ್ಲಿ 'ಟ್ರೋಜನ್ಸ್' ಎಂಬ ತಂಡ ಕಟ್ಟಿ ಬೀಟಲ್ಸ್ ಹಾಡುತ್ತಿದ್ದವರು, ಮಧ್ಯಪ್ರಾಚ್ಯದ ದೇಶಗಳನ್ನು ಹಾದು ಲಂಡನ್ ಸೇರಿದರು. ಅಲ್ಲಿ 1974ರಲ್ಲಿ ಕಾರ್ಲ್ ಡಗ್ಲಸ್ ಅವರಿಂದ 'ಕುಂಗ್ ಫೂ ಫೈಟಿಂಗ್' ಹಾಡಿಸಿ, ರೆಕಾರ್ಡಿನ ಹಿಂಬದಿಗೆಂದು ಕೊನೆಯ ಗಳಿಗೆಯಲ್ಲಿ ಅವಸರದಿಂದ ಮುದ್ರಿಸಿದ ಆ ಹಾಡಿನಿಂದ ಇಂಗ್ಲೆಂಡ್, ಅಮೆರಿಕ ಎರಡನ್ನೂ ಗೆದ್ದ ಕಥೆ ಎಲ್ಲರಿಗೂ ಗೊತ್ತು. ಅದಕ್ಕೂ ಏಳು ವರ್ಷ ಮೊದಲು, 1967ರಲ್ಲಿ, ಲಂಡನ್ನಿನ ರೀಗಲ್ ಝೋನೋಫೋನ್ ಲೇಬಲ್ಲಿನಲ್ಲಿ ಬಿದ್ದು ತಾವೇ ಹಾಡಿದ ಒಂದು ಪುಟ್ಟ ರೆಕಾರ್ಡ್ ಬಂದಿತ್ತು. ಒಂದು ಬದಿ 'ಡಾಟರ್ ಆಫ್ ಲವ್', ಇನ್ನೊಂದು ಬದಿ 'ಲುಕ್ ಔಟ್ ಹಿಯರ್ ಐ ಕಮ್'. ಅದು ಓಡಲಿಲ್ಲ. ಇವತ್ತು ಇಂಗ್ಲೆಂಡಿನ ಸಂಗ್ರಾಹಕರು ಅದಕ್ಕಾಗಿ ಹುಡುಕಾಡುತ್ತಾರೆ.

ನಾನೂ ಹುಡುಕುತ್ತಿದ್ದೇನೆ. ಏಳು ಇಂಚಿನ ತಟ್ಟೆ, ಲೇಬಲ್ಲಿನ ಮೇಲೆ ಬಿದ್ದು ಎಂಬ ಒಂದೇ ಹೆಸರು. ಮಡಿಕೇರಿಯಲ್ಲೋ ಫ್ರೇಜರ್ ಟೌನಿನಲ್ಲೋ ಯಾರದಾದರೂ ಮನೆಯ ಅಟ್ಟದಲ್ಲಿ, ಲಂಡನ್ನಿನಿಂದ ಬಂದ ಚಿಕ್ಕಪ್ಪನ ಪೆಟ್ಟಿಗೆಯಲ್ಲಿ ಇದ್ದರೂ ಇರಬಹುದು. ಸಿಕ್ಕಿದರೆ ತಿಳಿಸಿ. ಕೊಡದಿದ್ದರೂ ಪರವಾಗಿಲ್ಲ, ಟರ್ನ್‌ಟೇಬಲ್ ಹೊತ್ತುಕೊಂಡು ನಾನೇ ಬರುತ್ತೇನೆ, ಎರಡೂ ಬದಿ ಕೇಳಿ ಹೋಗುತ್ತೇನೆ.